ಕೂಲಿಗೆ ಹೊಲಿಯುವವರು ಯಾರೂ ಇಲ್ಲದ ಮನೆ

ಹೊಲಿಗೆ ಕಲಿಯಲು ಬರುವ ಹುಡುಗಿಯರು ಮೊದಲು ಕೇಳುವುದು ಬಟ್ಟೆ ಕತ್ತರಿಸುವುದನ್ನು, ಆಮೇಲೆ ಮಷಿನ್ ತುಳಿಯುವುದನ್ನು. ಕೊನೆಯ ಕೆಲಸವನ್ನು ಯಾರೂ ಕೇಳಿ ಕಲಿಯುವುದಿಲ್ಲ. ಅಂಚು ಮಡಿಚಿ ಹೆಮ್ಮಿಂಗ್ ಹಾಕುವುದು, ಹುಕ್ಕು, ಗುಂಡಿ ತೂರಿಸುವ ಕಾಜ, ಕಸೂತಿಯ ಹಿಂಬದಿಯ ದಾರ ಕತ್ತರಿಸಿ ಮೈಗೆ ಚುಚ್ಚದಂತೆ ತೆಳು ಅಸ್ತರು ಕೊಡುವುದು, ಗುರುತು ತೊಳೆಯುವುದು, ಮಗುಚಿ ಹಾಕಿ ಇಸ್ತ್ರಿ ಮಾಡುವುದು. ಇದನ್ನೆಲ್ಲ ಸೇರಿಸಿ ಅಂಗಡಿಯವರು ಫಿನಿಶಿಂಗ್ ಎನ್ನುತ್ತಾರೆ. ಮೊದಲು ವಿಜಯವಾಡದಲ್ಲಿ, ಆಮೇಲೆ ವಿಶಾಖಪಟ್ಟಣದಲ್ಲಿ ನಾನು ಮಾಡಿದ್ದು ಇದೇ ಕೆಲಸ. ಮದುವೆಯ ರೇಷ್ಮೆ ನಮ್ಮ ಕೈಗೆ ಬರುತ್ತಿದ್ದದ್ದು ಅಪರೂಪ. ದಿನಾ ಉಡುವ ರವಿಕೆ, ಮಕ್ಕಳ ಫ್ರಾಕು, ವಾಯಿಲ್ ಸೀರೆ, ಗಂಡಸರ ಜುಬ್ಬಾ, ಇವೇ ನಮ್ಮ ಪಾಲಿನವು.

ಈಗ ಧಾರವಾಡದಲ್ಲಿ ನಮ್ಮ ಓಣಿಯ ಹೊಲಿಗೆ ಕ್ಲಾಸಿನ ಹುಡುಗಿಯರು ‘ನಿಮ್ಮ ಅನುಭವ ಬರದು ಕೊಡ್ರಿ ಅಜ್ಜಿ’ ಎಂದು ಬೆನ್ನು ಹತ್ತಿದ್ದಾರೆ. ಏನಾದರೂ ಹೆಮ್ಮೆಯದು ಇರಬಹುದು ಎಂದು ಕಾದಿದ್ದಾರೆ. ಕೂತು ನೆನೆಸಿಕೊಂಡರೆ ನನಗೆ ಬರುವುದೆಲ್ಲ ಮುಖ ಮುಚ್ಚಿಕೊಳ್ಳುವಂಥ ಸಂಗತಿಗಳೇ. ಅವನ್ನೇ ಬರೆಯುತ್ತೇನೆ.

ನನ್ನ ಗಂಡ ಪಾಟೀಲರು ಬ್ಯಾಂಕಿನಲ್ಲಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ನಮಗೆ ಮಕ್ಕಳಿರಲಿಲ್ಲ. ಭಾಷೆ ಬಾರದ ಊರು, ಸುಡುವ ಬಿಸಿಲು, ಬೆಳಿಗ್ಗೆ ಅವರು ಹೋದರೆ ಸಂಜೆಯ ತನಕ ನಾನೂ ಗೋಡೆಗಳೂ. ನನಗೆ ಬರುತ್ತಿದ್ದದ್ದು ಕೈಹೊಲಿಗೆ ಮತ್ತು ಅವ್ವ ಕಲಿಸಿದ ಕಸೂತಿ. ಪಕ್ಕದ ಮನೆಯಾಕೆಯ ಜೊತೆ ಒಮ್ಮೆ ಒನ್ ಟೌನ್ ಎಂಬ ಹಳೆಯ ಪೇಟೆಗೆ ಬಟ್ಟೆ ಕೊಳ್ಳಲು ಹೋದಾಗ, ಸಗಟು ಅಂಗಡಿಗಳ ಸಂದಿಯಲ್ಲಿ ಒಂದು ಮಾಳಿಗೆಯ ಮೇಲೆ ಹೆಂಗಸರು ಚಾಪೆ ಹಾಸಿಕೊಂಡು ಹುಕ್ಕು ಹಚ್ಚುತ್ತ ಕೂತದ್ದನ್ನು ಕಂಡೆ. ಮರುವಾರ ನಾನೂ ಅವರ ನಡುವೆ ಕೂತಿದ್ದೆ.

ಗಂಡನಿಗೆ ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಮುಗಿಯುತ್ತಿತ್ತು. ಊಟದ ತಾಟಿನ ಮುಂದೆ ಕೈ ಒಣಗಿಸಿಕೊಂಡು ಕೂತರು.

“ಬ್ಯಾಂಕಿನ ಮಂದಿ ಕೇಳಿದ್ರ ಏನಂತ ಹೇಳ್ಲಿ? ನನ್ನ ಹೇಂತಿ ಮಾಳಗಿ ಮ್ಯಾಲೆ ಕೂತು ಗುಂಡಿ ಹಚ್ತಾಳ ಅಂತ ಹೇಳ್ಲಿ?”

“ಏನರ ಕಲೀಲಿಕ್ಕೆ ಹೊಕ್ಕಾಳ ಅಂತ ಹೇಳ್ರಿ,” ಎಂದೆ.

“ಹಿಂದಿ ಕಲೀಲಿಕ್ಕೆ ಹೊಕ್ಕಾಳ ಅಂತ ಹೇಳಿಬಿಡ್ತೀನಿ.”

ಹಾಗೆ ನಾನು ಹಿಂದಿ ವಿದ್ಯಾರ್ಥಿನಿಯಾದೆ. ಇದು ಎಷ್ಟು ದೂರ ಹೋಯಿತೆಂದರೆ, ಕನ್ನಡದ ನಾಲ್ಕಾರು ಮನೆಗಳವರು ಹಬ್ಬಕ್ಕೆ ಸೇರಿದಾಗ ಒಬ್ಬಾಕೆ ತನ್ನ ಮಗಳನ್ನು ಕರೆತಂದು, ‘ಪರೀಕ್ಷೆಗೆ ಸ್ವಲ್ಪ ಹಿಂದಿ ಹೇಳಿಕೊಡಿ’ ಎಂದಳು. ನನಗೆ ಅಕ್ಷರ ಗುರುತಿಸುವಷ್ಟೂ ಬರುತ್ತಿರಲಿಲ್ಲ. ತಲೆನೋವು ಎಂದು ಎದ್ದು ಬಂದೆ. ಆಮೇಲೆ ಸುಳ್ಳನ್ನು ಉಳಿಸಿಕೊಳ್ಳಲು ನಿಜವಾಗಿಯೂ ಒಂದು ಹಿಂದಿ ಕ್ಲಾಸಿಗೆ ಸೇರಿ, ಬೆರಳಿಗೆ ಸೂಜಿ ಚುಚ್ಚಿದ ಗಾಯಗಳನ್ನು ಮೇಜಿನ ಕೆಳಗೆ ಮುಚ್ಚಿಕೊಂಡು ಸ್ವರ ವ್ಯಂಜನ ಬರೆದೆ.

ಅಂಗಡಿಯಲ್ಲಿ ನಮ್ಮ ಮೇಲಿನವಳು ಮಸ್ತಾನಮ್ಮ. ದಪ್ಪ ದನಿ, ಸಣ್ಣ ಕಣ್ಣು, ಬೆಳಿಗ್ಗೆ ಬಾಯಿಗೆ ಹಾಕಿದ ಎಲೆಅಡಿಕೆ ಮಧ್ಯಾಹ್ನದವರೆಗೂ ಇರುತ್ತಿತ್ತು. ನಾನು ಸೇರಿದ ಹೊಸದರಲ್ಲಿ ಒಂದು ಮಗುವಿನ ಫ್ರಾಕನ್ನು ನನ್ನ ಮಡಿಲಿಗೆ ಎಸೆದು, “ಇದಿ ಕುಟ್ಟು, ತ್ವರಗಾ,” ಎಂದಳು. ತೆಲುಗಿನಲ್ಲಿ ಕುಟ್ಟು ಎಂದರೆ ಹೊಲಿ. ನನಗೆ ಗೊತ್ತಿದ್ದ ಕುಟ್ಟುವುದು ಕಾರದಪುಡಿ, ಅವಲಕ್ಕಿ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು, ಪಕ್ಕದಲ್ಲಿ ಕೊಡತಿ ಇತ್ತು. ಬಡಿದು ಮೆದು ಮಾಡಬೇಕೇನೋ ಎಂದುಕೊಂಡು ಹೋಗಿ ಚೆನ್ನಾಗಿ ಬಡಿದೆ. ಎದೆಯ ಮೇಲೆ ಹಚ್ಚಿದ್ದ ಗಾಜಿನ ಗುಂಡಿಗಳೆಲ್ಲ ಪುಡಿಯಾದವು. ಮಸ್ತಾನಮ್ಮ ಬಂದು ನೋಡಿ, ನನ್ನ ಮುಖ ನೋಡಿ, ಕೊಡತಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮಾಳಿಗೆಯ ಹೆಂಗಸರು ಬಹಳ ದಿನ ನನ್ನನ್ನು ಕಂಡರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ಅದು ನಗುವಂಥದ್ದಾಯಿತು. ಎರಡನೆಯದು ಹಾಗಲ್ಲ. ಆಗ ಕಸೂತಿಯ ಚಿತ್ರವನ್ನು ಬಟ್ಟೆಗೆ ಇಳಿಸಲು ಬೆಣ್ಣೆ ಕಾಗದದ ಮೇಲೆ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಪುಡಿಯನ್ನು ಮೇಲೆ ಉಜ್ಜುತ್ತಿದ್ದೆವು. ಕೆಲಸ ಮುಗಿದ ಮೇಲೆ ತೊಳೆದರೆ ನೀಲಿ ಹೋಗಬೇಕು. ತೊಳೆಯದೆ ಇಸ್ತ್ರಿ ಇಟ್ಟರೆ ಹೋಗುವುದಿಲ್ಲ. ಒಬ್ಬಳು ಶಾಲೆಯ ಟೀಚರ್ ತಾನೇ ಅರ್ಧ ಹಾಕಿ ಬಿಟ್ಟಿದ್ದ ಬಿಳಿ ರವಿಕೆಯನ್ನು ಮುಗಿಸಲು ಕೊಟ್ಟಿದ್ದಳು. ತೋಳಿನ ಸುತ್ತ ಮಲ್ಲಿಗೆಯ ಬಳ್ಳಿ. ನಾನು ಹೂವೆಲ್ಲ ಮುಗಿಸಿ, ಹಿಂಬದಿ ಚೊಕ್ಕ ಮಾಡಿ, ಖುಷಿಯಲ್ಲಿ ತೊಳೆಯುವುದನ್ನು ಮರೆತು ಇಸ್ತ್ರಿ ಒತ್ತಿದೆ. ದಾರದ ಅಕ್ಕಪಕ್ಕದಲ್ಲಿ ನೀಲಿ ಗೆರೆಗಳು ಹಚ್ಚೆಯಂತೆ ಕೂತುಬಿಟ್ಟವು. ಸೋಪು, ನಿಂಬೆಹಣ್ಣು, ಬಿಸಿಲು, ಯಾವುದಕ್ಕೂ ಜಗ್ಗಲಿಲ್ಲ.

ಅಂಗಡಿಯ ಮಾಲೀಕರು ಕೂಗಾಡಲಿಲ್ಲ. ಆ ರವಿಕೆಯನ್ನು ಮೆಟ್ಟಿಲ ಬಾಯಲ್ಲಿ, ಬರುವವರಿಗೆಲ್ಲ ಕಾಣುವ ಹಾಗೆ ಮೊಳೆಗೆ ತೂಗುಹಾಕಿದರು. ಕೇಳಿದವರಿಗೆ, “ನಮ್ಮ ಕನ್ನಡಮ್ಮನ ಕೆಲಸ,” ಎನ್ನುತ್ತಿದ್ದರು. ಟೀಚರ್ ಬರುವ ದಿನದವರೆಗೂ ನಾನು ಅದರ ಕೆಳಗೆ ತಲೆ ಬಗ್ಗಿಸಿ ಹತ್ತಿ ಇಳಿದೆ. ಟೀಚರ್ ಬಂದವಳು ಮೊಳೆಯಿಂದ ತಾನೇ ಅದನ್ನು ಬಿಡಿಸಿಕೊಂಡಳು. ಇಷ್ಟೇ ತಾನೆ, ಗೆರೆಯ ಮೇಲೆ ನೀಲಿ ದಾರವನ್ನೇ ಹಾಕಿಬಿಡಿ, ಬಳ್ಳಿಗೆ ನೆರಳು ಬಿದ್ದ ಹಾಗೆ ಕಾಣಲಿ ಎಂದಳು. ಹಾಕಿಕೊಟ್ಟೆ. ಅವಳು ಅದನ್ನು ತೊಟ್ಟುಕೊಂಡು ಶಾಲೆಗೆ ಹೋದಳಂತೆ, ಬೇರೆ ಟೀಚರ್‌ಗಳು ಅದೇ ಥರದ್ದು ಬೇಕೆಂದು ಬಂದರು. ಮಾಲೀಕರು ಆಗ ನನ್ನನ್ನು ಹೊಗಳಿದರು. ಆದರೆ ಮೊಳೆಗೆ ನೇತಾಡುತ್ತಿದ್ದ ರವಿಕೆ ನನ್ನ ಕಣ್ಣಿಂದ ಹೋಗಲಿಲ್ಲ. ನೀವು ಯಾರಾದರೂ ಮುಂದೆ ಅಂಗಡಿ ಇಟ್ಟರೆ ಕೆಲಸದವರ ತಪ್ಪನ್ನು ಬಾಗಿಲಿಗೆ ತೂಗುಹಾಕಬೇಡಿ.

ತೊಂಬತ್ತರ ಸುಮಾರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಎಂವಿಪಿ ಕಾಲೋನಿಯಲ್ಲಿ ಮನೆ ಮಾಡಿದೆವು. ಅಲ್ಲಿ ನನಗೆ ಸಿಕ್ಕವಳು ಅಪ್ಪಲನರಸಮ್ಮ. ನನಗಿಂತ ಸ್ವಲ್ಪ ಚಿಕ್ಕವಳು, ಗಂಡ ಬಂದರಿನಲ್ಲಿ ಕೂಲಿ. ಅವಳು ಮನೆಮನೆ ತಿರುಗಿ ಸೀರೆಗೆ ಫಾಲ್ ಹಚ್ಚಿಕೊಡುತ್ತಿದ್ದಳು. ನನ್ನ ಸೀರೆಗೆ ಹಚ್ಚಲು ಬಂದವಳು ನನ್ನ ಕೈಯ ಹೆಮ್ಮಿಂಗ್ ನೋಡಿ, ಇಷ್ಟು ಬರುವವಳು ನನ್ನನ್ನೇಕೆ ಕರೆದೆ ಎಂದು ಸಿಟ್ಟು ಮಾಡಿದಳು. ಕೆಲವೇ ದಿನಗಳಲ್ಲಿ ಇಬ್ಬರೂ ಸೇರಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೆಲಸ ಶುರು ಮಾಡಿದೆವು. ನನ್ನನ್ನು ಅವಳು ‘ವದಿನಾ’ ಎನ್ನುತ್ತಿದ್ದಳು, ಅಂದರೆ ಅತ್ತಿಗೆ. ನನ್ನ ಗಂಡನ ಷರತ್ತು ಒಂದೇ: ಬಟ್ಟೆ ತರುವವರು ಹಿಂಬಾಗಿಲಿನಿಂದ ಬರಬೇಕು, ಹಿಂಬಾಗಿಲಿನಿಂದ ಹೋಗಬೇಕು.

ಹಿಂಬಾಗಿಲಿಗೆ ಬಂದವರೂ ನಾಚಿಕೊಂಡೇ ಬರುತ್ತಿದ್ದರು. ನಮ್ಮಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಅರ್ಧಕ್ಕೆ ಬಿಟ್ಟ ಕೆಲಸ. ಬಸುರಿಯಾದಾಗ ಆಸೆಯಿಂದ ಹಿಡಿದ ಫ್ರಾಕು, ಮಗು ಶಾಲೆಗೆ ಹೋಗುವ ವಯಸ್ಸಾದರೂ ಮುಗಿದಿಲ್ಲ. ಹೊಸದಾಗಿ ಮದುವೆಯಾದವಳು ಗಂಡನ ಜುಬ್ಬಾದ ಕುತ್ತಿಗೆಗೆ ಹಾಕತೊಡಗಿದ ಚೈನ್ ಸ್ಟಿಚ್ಚು, ಒಂದು ಭುಜದ ಹತ್ತಿರ ನಿಂತುಬಿಟ್ಟಿದೆ. ಚೀಲದ ತಳದಿಂದ ತೆಗೆದು, “ಟೈಮೇ ಸಿಗಲಿಲ್ಲ,” ಎನ್ನುತ್ತಿದ್ದರು. ಯಾರಿಗೂ ಹೇಳಬೇಡಿ ಎನ್ನುತ್ತಿದ್ದರು. ಅವರು ಹಾಕಿದ ಹೊಲಿಗೆಯ ಬಿಗಿ ನೋಡಿ ಅದೇ ಬಿಗಿಯಲ್ಲಿ ಮುಂದುವರಿಸುವುದು ಈ ಕೆಲಸದ ಕಷ್ಟ. ಸಡಿಲ ಕೈಯವಳ ಬಟ್ಟೆಗೆ ನಾವೂ ಸಡಿಲವಾಗಬೇಕು.

ಅಷ್ಟರಲ್ಲಿ ವಿಧಾನಗಳೂ ಬದಲಾಗುತ್ತಿದ್ದವು. ಸೀಮೆಎಣ್ಣೆ ನೀಲಿ ಹೋಗಿ ಕಾರ್ಬನ್ ಹಾಳೆ ಬಂತು. ಇಸ್ತ್ರಿ ಒತ್ತಿದರೆ ಅಂಟಿಕೊಳ್ಳುವ ಕ್ಯಾನ್ವಾಸ್ ಬಂತು. ಕಾಜಕ್ಕೆ, ಸೀರೆಯ ಅಂಚು ಸುತ್ತುವ ಪೀಕೋಗೆ ಮಷಿನ್ ಬಂತು. ಅಪ್ಪಲನರಸಮ್ಮ ಹೊಸದನ್ನೆಲ್ಲ ಬೇಗ ಹಿಡಿಯುತ್ತಿದ್ದಳು, ನಾನು ಮುಖ ಗಂಟಿಕ್ಕುತ್ತಿದ್ದೆ. ಕೊನೆಗೆ ಅವಳೇ ಸರಿ. ಮಷಿನ್ ಕಾಜ ಕೈಯ ಕಾಜಕ್ಕಿಂತ ಬೇಗ ಹರಿಯುತ್ತದೆ ಎಂದು ನಾನು ವಾದಿಸಿದ್ದು ಸುಳ್ಳಾಯಿತು.

ಈಗ ಸುಮಾಳ ವಿಷಯ ಹೇಳಬೇಕು. ಲಲಿತಾ ಎಂಬವರು ದಾವಣಗೆರೆಯ ಕಡೆಯವರು. ಗಂಡ ಒಂದು ದೊಡ್ಡ ಕಾರ್ಖಾನೆಯಲ್ಲಿ ಎಂಜಿನಿಯರ್, ನಮ್ಮ ಯಜಮಾನರಿಗೂ ಗೆಳೆಯರು. ಸುಮಾ ಅವರ ಒಬ್ಬಳೇ ಮಗಳು, ಅಲ್ಲೇ ಹುಟ್ಟಿ ಬೆಳೆದವಳು, ಕನ್ನಡದ ನಡುವೆ ತೆಲುಗು ನುಸುಳಿಸದೆ ಮಾತು ಮುಗಿಸಲಾರಳು. ಅವಳಿಗೆ ಕರ್ನಾಟಕದಿಂದ ಒಂದು ಸಂಬಂಧ ಬಂತು. ಹುಡುಗನ ತಾಯಿ ಪತ್ರದಲ್ಲಿ, ಒಡವೆ ಗಿಡವೆಯ ಮಾತಿಲ್ಲ, ಹುಡುಗಿಗೆ ಕೈಕೆಲಸ ಬಂದರೆ ನಮಗೆ ಸಂತೋಷ ಎಂದು ಬರೆದಿದ್ದರಂತೆ.

ಲಲಿತಾ ಒಂದು ಗಂಟು ಬಟ್ಟೆ ಹೊತ್ತು ಹಿಂಬಾಗಿಲಿಗೆ ಬಂದರು. ಸುಮಾ ಎಂದೋ ಶಾಲೆಯಲ್ಲಿದ್ದಾಗ ಹಿಡಿದು ಬಿಟ್ಟ ಚೂಡಿದಾರ್, ದುಪಟ್ಟಾ, ಎರಡು ರವಿಕೆ.

“ಸುಲೋಚನಕ್ಕ, ಇವಿಷ್ಟು ಮುಗಿಸಿಕೊಡಿ. ಅವಳೇ ಹಾಕಿದ್ದು ಅಂತ ತೋರಿಸ್ತೀವಿ. ಅವಳೇ ಶುರು ಮಾಡಿದ್ದು ತಾನೆ, ಪೂರ್ತಿ ಸುಳ್ಳೇನಲ್ಲ.”

ಅಪ್ಪಲನರಸಮ್ಮ ಮತ್ತು ನಾನು ಹಂಚಿಕೊಂಡು ಮುಗಿಸಿದೆವು. ದುಪಟ್ಟಾದ ಅಂಚಿಗೆ ನಾನು ನಮ್ಮ ಕಡೆಯ ಕಸೂತಿ ಹಾಕಿದೆ, ಗಂಟಿಲ್ಲದ, ಎರಡೂ ಬದಿ ಒಂದೇ ಥರ ಕಾಣುವಂಥದ್ದು. ಅಷ್ಟು ಚೆಂದ ಮಾಡಬಾರದಿತ್ತು.

ಹೆಣ್ಣು ನೋಡಲು ಬರುವ ದಿನ ಸುಮಾ ತೊಡುವ ರವಿಕೆ ಸಡಿಲವಾಯಿತೆಂದು ಕರೆ ಬಂತು. ಅಪ್ಪಲನರಸಮ್ಮನನ್ನೂ ಕರೆದುಕೊಂಡು ಹೋದೆ. ಅವಳು ಒಳಗಿನ ಕೋಣೆಯಲ್ಲಿ ಹುಕ್ಕು ಸರಿಸಿ ಹಚ್ಚಿ, ಅಡುಗೆಮನೆಯ ಬಾಗಿಲಲ್ಲಿ ಕೂತಳು. ನಾವು ಗಂಡ ಹೆಂಡತಿ ಹೆಣ್ಣಿನ ಕಡೆಯವರಾಗಿ ಹಾಲಿನಲ್ಲಿ ಕೂತೆವು. ಬ್ಯಾಂಕಿನ ಮತ್ತೊಬ್ಬ ಅಧಿಕಾರಿಯೂ ಇದ್ದರು.

ಕಾಫಿಯಾದ ಮೇಲೆ ಲಲಿತಾ ಬಟ್ಟೆಗಳನ್ನು ತಂದು ಹರಡಿದರು. ಹುಡುಗನ ತಾಯಿ ದುಪಟ್ಟಾ ಎತ್ತಿಕೊಂಡು ಮೊದಲು ಮಾಡಿದ್ದು ಅದನ್ನು ಮಗುಚಿ ನೋಡಿದ್ದು. ಅವರಿಗೆ ಕೆಲಸ ಗೊತ್ತಿತ್ತು. ಬಹಳ ಹೊತ್ತು ನೋಡಿದರು. ಮುಖದಲ್ಲಿ ನಿಜವಾದ ಸಂತೋಷವಿತ್ತು.

“ಮೂಲೆಯಲ್ಲಿ ದಾರ ಹೇಗಮ್ಮ ತಿರುಗಿಸಿದೆ? ನಮಗೆ ಎಷ್ಟು ಪ್ರಯತ್ನ ಪಟ್ಟರೂ ಒಂದು ಎಳೆ ಹಿಂದೆ ಉಳಿದುಬಿಡುತ್ತೆ.”

ಸುಮಾ ತಾಯಿಯ ಕಡೆ ನೋಡಿದಳು. ಲಲಿತಾ ಕಣ್ಣಿನಲ್ಲೇ ಏನೋ ಹೇಳುತ್ತಿದ್ದರು.

“ನಂಗೆ ತೆಲೀದು, ಗೊತ್ತಿಲ್ಲ ಆಂಟಿ,” ಎಂದಳು ಸುಮಾ. ಆಮೇಲೆ, “ಅದು ನಾನು ಹಾಕಿದ್ದಲ್ಲ. ಇದರಲ್ಲಿ ಈ ಎಲೆ ಒಂದೇ ನಂದು. ಮಿಗತಾ ಎಲ್ಲ ಸುಲೋಚನಾ ಆಂಟಿ ಹಾಕಿದ್ದು.”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಖಾಲಿ ಲೋಟಗಳ ತಟ್ಟೆ ಇತ್ತು. ಲಲಿತಾ ನೆಲ ನೋಡುತ್ತಿದ್ದರು. ಹುಡುಗನ ತಾಯಿಗೆ ಕೋಪ ಬಂದಂತೆ ಕಾಣಲಿಲ್ಲ. ಅವರು ದುಪಟ್ಟಾವನ್ನು ಮಡಿಲಲ್ಲಿಟ್ಟುಕೊಂಡೇ, “ಓಹೋ, ನೀವಾ? ನೀವು ಬೇರೆಯವರಿಗೆ ಹೊಲಿದುಕೊಡ್ತೀರಾ?” ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ನಕ್ಕರು.

“ಛೇ, ಛೇ, ಇಲ್ಲರೀ. ನಮ್ಮ ಮನ್ಯಾಗ ಕೂಲಿಗೆ ಹೊಲಿಯೋರು ಯಾರೂ ಇಲ್ಲ. ಹೊತ್ತು ಹೋಗಲಾರದಾಗ ಸುಮ್ನ ಏನರ ಮಾಡ್ಕೋತ ಕೂಡ್ತಾಳ, ಅಷ್ಟ.”

ಬ್ಯಾಂಕಿನ ಅಧಿಕಾರಿ ತಲೆಯಾಡಿಸಿದರು. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದೆ. ಬಾಗಿಲಲ್ಲಿ ಅಪ್ಪಲನರಸಮ್ಮ ಕೂತಿದ್ದಳು. ಅವಳಿಗೆ ಕನ್ನಡ ಬಾರದು. ಆದರೆ ಕೂಲಿ ಎಂಬ ಮಾತು ತೆಲುಗಿನಲ್ಲೂ ಕೂಲಿಯೇ. ನನ್ನ ಗಂಡ ಆ ಮಾತನ್ನು ಯಾವ ದನಿಯಲ್ಲಿ ಹೇಳಿದರೆಂದು ತಿಳಿಯಲು ಭಾಷೆ ಬರಬೇಕಾಗಿರಲಿಲ್ಲ. ಅವಳು ಎದ್ದು ನನಗೆ ದಾರಿ ಬಿಟ್ಟಳು. ಅವಳು ಅಷ್ಟು ಸರಿದು ನಿಲ್ಲಬೇಕಾದ ಅಗತ್ಯವಿರಲಿಲ್ಲ. ಬಾಗಿಲು ಸಾಕಷ್ಟು ಅಗಲವಾಗಿತ್ತು.

ಆ ಸಂಬಂಧ ಕೂಡಿಬರಲಿಲ್ಲ. ಕಸೂತಿಯಿಂದಲೋ, ಜಾತಕದಿಂದಲೋ ನನಗೆ ತಿಳಿಯಲಿಲ್ಲ. ಲಲಿತಾ ನನ್ನೊಡನೆ ಮಾತು ಬಿಟ್ಟರು. ಸುಮಾ ಮಾತ್ರ ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಿದ್ದಳು. ಮುಂದೆ ಓದಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದಳು, ತನಗೆ ಬೇಕಾದವನನ್ನೇ ಮದುವೆಯಾದಳು. ಅಷ್ಟು ಜನರ ಮುಂದೆ ಆ ಹುಡುಗಿ ಹೇಳಿದ್ದನ್ನು ನೆನೆದರೆ, ತಟ್ಟೆ ಹಿಡಿದು ನಿಂತಿದ್ದ ನನ್ನನ್ನು ನಾನೇ ನೋಡಲಾರೆ.

ಮರುದಿನ ಅಪ್ಪಲನರಸಮ್ಮ ಎಂದಿನಂತೆ ಬಂದಳು, ಎಂದಿನಂತೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ, “ಅಮ್ಮಗಾರೂ, ಆ ಕೆಂಪು ದಾರ ಕೊಡಿ,” ಎಂದಳು. ಅವಳ ಮಾತನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮೊದಲು ಚೇಷ್ಟೆ ಎಂದುಕೊಂಡೆ. ಆ ವಾರವೆಲ್ಲ ಅಮ್ಮಗಾರು, ಅಮ್ಮಗಾರು. ಕೆಲಸದ ಮನೆಯ ಯಜಮಾನಿಯನ್ನು ಕರೆಯುವ ಹಾಗೆ.

“ಯಾಕೆ ಹಾಗೆ ಕರೆಯುತ್ತೀ?” ಎಂದು ಕೇಳಿಯೇಬಿಟ್ಟೆ.

“ಆ ಮಾತಿನ ಅರ್ಥ ಸುಮಾ ಹೇಳಿದಳು. ನಿಮ್ಮ ಮನೆಯಲ್ಲಿ ಕೂಲಿಗೆ ಹೊಲಿಯುವವರು ಯಾರೂ ಇಲ್ಲವಲ್ಲ. ನಾನು ಕೂಲಿಗೆ ಹೊಲಿಯುವವಳು. ಹಾಗಿದ್ದ ಮೇಲೆ ನೀವು ಅಮ್ಮಗಾರೇ ತಾನೆ?”

“ಆ ಮಾತು ನಾನು ಆಡಲಿಲ್ಲ.”

“ಅಲ್ಲವೆಂದೂ ಹೇಳಲಿಲ್ಲ,” ಎಂದು ದಾರ ಕಚ್ಚಿ ಕತ್ತರಿಸಿದಳು. ಹೊಲಿಗೆಯವರು ಹಲ್ಲಿನಿಂದ ದಾರ ಕತ್ತರಿಸಬಾರದು, ನಾನು ಎಷ್ಟೋ ಸಲ ಹೇಳಿದ್ದೆ. ಅವತ್ತು ಹೇಳಲಿಲ್ಲ.

“ಈಗ ಏನು ಮಾಡಲಿ?”

ಅವಳು ಬಹಳ ಯೋಚಿಸಿದಂತೆ ಕಾಣಲಿಲ್ಲ, ಉತ್ತರ ಮೊದಲೇ ಸಿದ್ಧವಾಗಿತ್ತು. “ಮುಂದಿನ ಕೋಣೆಗೆ ಹೋಗೋಣ. ಬೋರ್ಡು ಹಾಕಿಸಿ. ನನ್ನ ಹೆಸರು ಮೊದಲು ಇರಲಿ. ಈ ಹಿಂಬಾಗಿಲ ಸಂದಿಯ ಕೆಸರು ತುಳಿದುಕೊಂಡು ಬಂದು ನನಗೂ ಸಾಕಾಗಿದೆ.”

ಬೋರ್ಡು ಬರೆಸಿದೆ. ತೆಲುಗಿನಲ್ಲಿ, ಹಳದಿಯ ಮೇಲೆ ಕಪ್ಪು ಅಕ್ಷರ. ಮೊದಲು ಅಪ್ಪಲನರಸಮ್ಮ, ಆಮೇಲೆ ಸುಲೋಚನ. ಮೊಳೆಯನ್ನು ನಾನೇ ಹೊಡೆದೆ. ಸಂಜೆ ಸ್ಕೂಟರ್ ನಿಲ್ಲಿಸಿ ಬಂದ ಗಂಡ ತಲೆಯೆತ್ತಿ ಓದಿದರು. ಅಷ್ಟು ಹೊತ್ತಿಗೆ ಅವರಿಗೆ ತೆಲುಗು ಓದಲು ಬರುತ್ತಿತ್ತು.

“ನನಗ ಒಂದ್ ಮಾತು ಕೇಳಬೇಕಿತ್ತು,” ಎಂದರು.

“ಕೇಳಿದ್ರ ಬ್ಯಾಡ ಅಂತಿದ್ರಿ,” ಎಂದೆ.

ಬಹಳ ದಿನ ಮನೆಯಲ್ಲಿ ಮಾತಿರಲಿಲ್ಲ. ಇತ್ತ ಅಪ್ಪಲನರಸಮ್ಮನ ಬಾಯಲ್ಲೂ ವದಿನಾ ಎನ್ನುವುದು ಮತ್ತೆ ಬರಲಿಲ್ಲ. ಅಮ್ಮಗಾರು ಹೋಗಿ ‘ಸುಲೋಚನಗಾರು’, ಅಂದರೆ ಸುಲೋಚನಾ ಅವರೇ, ಆಯಿತು. ಅಲ್ಲಿಗೇ ನಿಂತಿತು. ಅಂಗಡಿ ಚೆನ್ನಾಗಿಯೇ ನಡೆಯಿತು. ಊರು ಬಿಡುವವರೆಗೂ ನಾವಿಬ್ಬರೂ ಒಂದೇ ಚಾಪೆಯಲ್ಲಿ ಕೂತು ಕೆಲಸ ಮಾಡಿದೆವು.

ಕೊನೆಯ ಸಂಗತಿ. ಬೋರ್ಡು ಹಾಕಿದ ಒಂದೆರಡು ವರ್ಷಕ್ಕೆ ಒಬ್ಬಳು ಹೊಸ ಹುಡುಗಿ ಅಂಗಡಿಗೆ ಬಂದಳು. ಮೈಸೂರಿನ ಕಡೆಯವಳು, ಗಂಡ ನಮ್ಮ ಯಜಮಾನರ ಬ್ಯಾಂಕಿಗೇ ಹೊಸದಾಗಿ ಬಂದ ಗುಮಾಸ್ತ. ಅರ್ಧ ಹಾಕಿದ ಒಂದು ಮಗುವಿನ ಜುಬ್ಬಾ ತಂದಿದ್ದಳು. ತೆಲುಗಿನಲ್ಲಿ ತಡವರಿಸುವುದನ್ನು ನೋಡಿ ನಾನು ಕನ್ನಡದಲ್ಲಿ ಮಾತಾಡಿದೆ. ಅವಳ ಮುಖ ಅರಳಿತು.

“ನೀವೂ ಕನ್ನಡದವರಾ? ಎಷ್ಟು ಒಳ್ಳೇದಾಯ್ತು. ಒಂದು ಉಪಕಾರ ಮಾಡಿ. ನಾನು ಇದನ್ನ ಹೊರಗೆ ಕೊಟ್ಟೆ ಅಂತ ಮನೆ ಓನರ್‌ಗೆ ಗೊತ್ತಾಗೋದು ಬೇಡ. ಪಾಟೀಲ್ ಸರ್ ನಮ್ಮವರ ಆಫೀಸರು. ಅವರ ಮಿಸೆಸ್ ತುಂಬ ದೊಡ್ಡ ಮನೆತನದವರಂತೆ.”

“ಮನೆ ಓನರ್ ಯಾರು?”

“ಅವರೇ. ಮುಂದಿನ ರೂಮನ್ನ ಇಬ್ಬರು ಹೊಲಿಗೆಯವರಿಗೆ ಬಾಡಿಗೆಗೆ ಕೊಟ್ಟಿದ್ದೀವಿ ಅಂತ ಸರ್ ಬ್ಯಾಂಕಲ್ಲಿ ಹೇಳ್ತಿರ್ತಾರಂತೆ.”

ನಮ್ಮದೂ ಬಾಡಿಗೆಯ ಮನೆಯೇ. ಅದರಲ್ಲಿ ನನ್ನನ್ನು ಒಳಬಾಡಿಗೆಗೆ ಇಟ್ಟಿದ್ದರು. ನಗು ಬರಬೇಕಿತ್ತು, ಕಿವಿ ಬಿಸಿಯಾಯಿತು. ಅದೇ ಹೊತ್ತಿಗೆ ಸ್ಕೂಟರ್ ಬಂದು ನಿಂತ ಸದ್ದು ಕೇಳಿಸಿತು. ಗಂಡ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದರು. ಹುಡುಗಿಯ ಬೆನ್ನು ಅವರ ಕಡೆಗಿತ್ತು.

“ನಾನೇ ಪಾಟೀಲರ ಹೇಂತಿ,” ಎಂದೆ. “ಸುಲೋಚನಾ ಅಂತ. ಇಲ್ಲೇ ಫಿನಿಶಿಂಗ್ ಕೆಲಸ ಮಾಡ್ತೀನಿ. ಕೂಲಿಗೆ.”

ಹುಡುಗಿ ಜುಬ್ಬಾವನ್ನು ಚೀಲಕ್ಕೆ ತುರುಕಲು ಹೋದಳು. ಅದರ ಇನ್ನೊಂದು ತೋಳು ಅಪ್ಪಲನರಸಮ್ಮನ ಕೈಯಲ್ಲಿತ್ತು, ಅವಳು ಬಿಡಲಿಲ್ಲ. ಸೂಜಿ ಚುಚ್ಚಿದ್ದಾಗಿದೆ, ಮುಗಿಸಿಯೇ ಕೊಡುತ್ತೇನೆ, ಶುಕ್ರವಾರ ಬಾ ಎಂದಳು.

ನಾನು ಗಂಡನ ಕಡೆ ನೋಡಿದೆ. ಒಂದು ಬೂಟು ಕೈಯಲ್ಲಿತ್ತು. ಕಿವಿಯಿಂದ ಕುತ್ತಿಗೆಯವರೆಗೂ ಕೆಂಪಗಾಗಿದ್ದರು. ಅವರ ಮುಖವನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ. ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡು ಸಮುದ್ರದ ಕಡೆ ನಡೆದುಹೋದರು. ಹಿಂದಿರುಗಿ ಬಂದು ಊಟಕ್ಕೆ ಕೂತರು. ಆಮೇಲೆ ಬಾಡಿಗೆಯ ಮಾತು ನಿಂತಿತು. ‘ನನ್ನ ಹೇಂತಿ ಹೊಲೀತಾಳ’ ಎಂದು ಅವರು ಯಾರಿಗಾದರೂ ಹೇಳಿದ್ದನ್ನು ಮಾತ್ರ, ಅವರು ತೀರಿಕೊಳ್ಳುವವರೆಗೂ, ನಾನು ಕೇಳಲಿಲ್ಲ.